ಪಹಣಿ: ಕಡತದಿಂದ ಕಂಪ್ಯೂಟರಿಗೆ

ಬೆಳೆ ಸಾಲಕ್ಕೆ ಬ್ಯಾಂಕಿಗೆ ಹೋದರೆ ಪಹಣಿ. ಬರ ಪರಿಹಾರ ಕೇಳಿದರೆ ಪಹಣಿ. ಅಣ್ಣತಮ್ಮಂದಿರ ನಡುವೆ ದಾವೆ ಬಿದ್ದರೆ ಪಹಣಿ. ಯಾರಿಗೋ ನ್ಯಾಯಾಲಯದಲ್ಲಿ ಜಾಮೀನು ನಿಲ್ಲಬೇಕಾದರೂ ಪಹಣಿ. ಕರ್ನಾಟಕದ ರೈತನಿಗೆ ಇದರಷ್ಟು ಪರಿಚಿತವಾದ, ಇದರಷ್ಟು ಕಾಡಿಸಿದ ಸರ್ಕಾರಿ ಕಾಗದ ಇನ್ನೊಂದಿಲ್ಲ. ಕಚೇರಿಯ ಭಾಷೆಯಲ್ಲಿ ಇದರ ಹೆಸರು ಆರ್‌ಟಿಸಿ. ಅಂದರೆ ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ. ಹದಿನಾರು ಕಾಲಂಗಳ ಈ ಹಾಳೆಯ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆಯೋ ಅವರೇ ಜಮೀನಿನ ಒಡೆಯರು ಎಂಬುದು ಹಳ್ಳಿಯ ನಂಬಿಕೆ. ಕಾನೂನು ಅಷ್ಟು ಸರಳವಾಗಿಲ್ಲವಾದರೂ ಹಳ್ಳಿಯ ನಂಬಿಕೆ ಪೂರ್ತಿ ತಪ್ಪೂ ಅಲ್ಲ.

ಈ ಹಾಳೆ ಕಂಪ್ಯೂಟರಿಗೆ ಹತ್ತಿದ ಕಥೆಯನ್ನು ಸಾಮಾನ್ಯವಾಗಿ 'ಭೂಮಿ' ಯೋಜನೆಯಿಂದ ಆರಂಭಿಸುವುದು ರೂಢಿ. ರಾಜ್ಯ ಸರ್ಕಾರವೊಂದು ತನ್ನ ಜನರಿಗೆ ಕೊಡುವ ಸೇವೆಯನ್ನು ಇಡಿಯಾಗಿ ಕಂಪ್ಯೂಟರಿಗೆ ಒಪ್ಪಿಸಿದ ನಿದರ್ಶನವಾಗಿ ದೇಶ ವಿದೇಶಗಳಲ್ಲಿ ಚರ್ಚೆಯಾದ ಯೋಜನೆ ಅದು. ಆದರೆ ಯಂತ್ರದೊಳಗೆ ಹೋದದ್ದು ಏನು, ಅದನ್ನು ಅದಕ್ಕೂ ಮೊದಲು ಬರೆದವರು ಯಾರು ಎಂಬುದನ್ನು ನೋಡದೆ ಆ ಕಥೆ ಅರ್ಧದಷ್ಟೂ ಅರ್ಥವಾಗದು.

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. 'ಪಹಣಿ' ಮರಾಠಿಯ ಮೂಲಕ ನಮ್ಮ ಕಂದಾಯ ಭಾಷೆಗೆ ಬಂದ ಮಾತು. ಆ ಭಾಷೆಯಲ್ಲಿ 'ಪಾಹಣೆ' ಎಂದರೆ ನೋಡುವುದು. ಪಾಹಣಿ ಎಂದರೆ ಕಣ್ಣಾರೆ ನೋಡಿ ಬರುವ ತಪಾಸಣೆ. ಹೊಲಕ್ಕೆ ಹೋಗಿ, ಬದುವಿನ ಮೇಲೆ ನಿಂತು, ಯಾರು ಉಳುತ್ತಿದ್ದಾರೆ, ಏನು ಬೆಳೆದಿದ್ದಾರೆ ಎಂದು ನೋಡಿ ಬರೆದುಕೊಂಡ ಕಾಗದಕ್ಕೆ ಆ ಹೆಸರು ನಿಂತಿತು. ಹೀಗೆ ನೋಡಿ ಬರೆಯುವ ಕೆಲಸ ಶತಮಾನಗಳ ಕಾಲ ಶಾನುಭೋಗರದ್ದಾಗಿತ್ತು. ಹಳೆಯ ಶಾಸನಗಳಲ್ಲಿ 'ಸೇನಬೋವ' ಎಂದು ಕಾಣಿಸಿಕೊಳ್ಳುವವನೇ ಮುಂದೆ ಶಾನುಭೋಗನಾದ. ಮುಂಬಯಿ ಕರ್ನಾಟಕದಲ್ಲಿ ಅದೇ ಕೆಲಸ ಕುಲಕರ್ಣಿಯದು. ಹುದ್ದೆ ವಂಶಪಾರಂಪರ್ಯ. ತಂದೆ ಬರೆದ ಲೆಕ್ಕವನ್ನು ಮಗ ಮುಂದುವರಿಸುತ್ತಿದ್ದ; ಲೆಕ್ಕದ ಕಟ್ಟು ಅವನ ಮನೆಯ ಅಟ್ಟದಲ್ಲೇ ಇರುತ್ತಿತ್ತು.

ಮೈಸೂರು ಸೀಮೆಯಲ್ಲಿ ಕಾಗದ ಹಳ್ಳಿ ಹಳ್ಳಿಗೆ ತಲುಪುವ ಮುನ್ನ ಈ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲು ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ ಸಿದ್ಧ. ಕಪ್ಪು ಮೈಯ ಮೇಲೆ ಬಿಳಿ ಬಳಪದಿಂದ ಬರಹ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಇತಿಹಾಸ ಗ್ರಂಥದಲ್ಲಿ ಈ ಕಡತಗಳನ್ನು ವರ್ಣಿಸಿದ್ದಾರೆ. ಚೆನ್ನಾಗಿ ಕಾಪಾಡಿದರೆ ಬಹುಕಾಲ ಬಾಳುತ್ತಿದ್ದ ಈ ಬಟ್ಟೆಯ ಪುಸ್ತಕಕ್ಕೆ ಇನ್ನೊಂದು ಗುಣವೂ ಇತ್ತು: ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಇಂದು ವಿಧಾನಸೌಧದಲ್ಲಿ 'ಕಡತ ವಿಲೇವಾರಿ' ಎಂದು ಹೇಳುವಾಗ ಯಾರಿಗೂ ಹುಣಸೆ ಬೀಜದ ನೆನಪಾಗುವುದಿಲ್ಲ. ಮಾತು ಮಾತ್ರ ಉಳಿದಿದೆ.

ಜಮೀನನ್ನು ಸರಪಳಿ ಹಿಡಿದು ಅಳೆಯುವ ಆಧುನಿಕ ಮೋಜಣಿ ಮೈಸೂರು ಸಂಸ್ಥಾನಕ್ಕೆ ಬಂದದ್ದು 1863ರಲ್ಲಿ, ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ. ಮುಂಬಯಿ ಪ್ರಾಂತ್ಯದಲ್ಲಿ ಅದಾಗಲೇ ನಡೆಯುತ್ತಿದ್ದ ಪದ್ಧತಿಯನ್ನೇ ಇಲ್ಲಿಗೂ ತಂದರು. ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಒಂದು ಗುಂಟೆ. 40 ಗುಂಟೆಗೆ ಎಕರೆ, ಗುಂಟೆಯಲ್ಲಿ 16 ಆಣೆ. ಪ್ರತಿ ಹೊಲಕ್ಕೂ ಸರ್ವೆ ನಂಬರು, ಪ್ರತಿ ನಂಬರಿಗೂ ಟಿಪ್ಪಣಿ, ಗ್ರಾಮಕ್ಕೊಂದು ಆಕಾರಬಂದು. ನೂರೈವತ್ತು ವರ್ಷ ಕಳೆದರೂ ರೈತ ತನ್ನ ಹೊಲವನ್ನು ಗುರುತಿಸುವುದು ಈ ಲೆಕ್ಕದಲ್ಲೇ. ಆದರೆ ಅಂದಿನ ಅಳತೆಯ ಉದ್ದೇಶ ಕಂದಾಯ ನಿಗದಿ ಮಾಡುವುದಾಗಿತ್ತೇ ಹೊರತು ಯಾರ ಹಕ್ಕು ಎಷ್ಟು ಎಂದು ತೀರ್ಮಾನಿಸುವುದಾಗಿರಲಿಲ್ಲ. ಕಂದಾಯ ಕಟ್ಟುವ ಒಬ್ಬ ಜವಾಬ್ದಾರಿ ಮನುಷ್ಯನ ಹೆಸರು ಸಿಕ್ಕರೆ ಸರ್ಕಾರಕ್ಕೆ ಸಾಕಾಗಿತ್ತು. ಮನೆಯ ಹಿರಿಯನ ಹೆಸರು ಬರೆದು ಮುಂದಿನ ಮನೆಗೆ ಹೋಗುತ್ತಿದ್ದರು.

1956ರಲ್ಲಿ ರಾಜ್ಯ ಒಂದಾದಾಗ ಕಂದಾಯ ದಾಖಲೆಗಳು ಒಂದಾಗಿರಲಿಲ್ಲ. ಹಳೆ ಮೈಸೂರಿನದು ಒಂದು ರೀತಿ, ಮುಂಬಯಿಯಿಂದ ಬಂದ ಜಿಲ್ಲೆಗಳದ್ದು ಇನ್ನೊಂದು. ಹೈದರಾಬಾದ್, ಮದರಾಸು, ಕೊಡಗಿನ ಭಾಗಗಳದ್ದು ಬೇರೆ ಬೇರೆ. ಹಳೆಯ ದಾಖಲೆ ಕೆಲವೆಡೆ ಮೋಡಿ ಲಿಪಿಯಲ್ಲಿ, ಕೆಲವೆಡೆ ಉರ್ದುವಿನಲ್ಲಿ. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಶಾನುಭೋಗ, ಪಟೇಲರ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. 1963ರ ಫೆಬ್ರುವರಿಯಿಂದ ಅದು ಜಾರಿಗೆ ಬಂತು. ಅವರ ಜಾಗಕ್ಕೆ ಸಂಬಳ ಪಡೆಯುವ, ವರ್ಗವಾಗುವ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಬಗೆಯ ಹಕ್ಕು ದಾಖಲೆಯನ್ನು ಕೊಟ್ಟಿತು. ಆ ಕಾಯ್ದೆಯ 133ನೇ ಕಲಂ ಒಂದು ಮಹತ್ವದ ಮಾತು ಹೇಳುತ್ತದೆ: ದಾಖಲೆಯಲ್ಲಿ ಬರೆದಿರುವುದು ತಪ್ಪು ಎಂದು ರುಜುವಾತಾಗುವವರೆಗೆ ಅದು ಸರಿ ಎಂದೇ ಭಾವಿಸತಕ್ಕದ್ದು.

ಈ ಒಂದು ವಾಕ್ಯದ ಭಾರ ಎಷ್ಟೆಂಬುದು ಹತ್ತು ವರ್ಷಗಳಲ್ಲಿ ಗೊತ್ತಾಯಿತು. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಅಧಿಭೋಗದ ಹಕ್ಕಿಗೆ ಅರ್ಜಿ ಹಾಕಬಹುದಾಯಿತು. ನಮೂನೆ 7ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಭೂನ್ಯಾಯ ಮಂಡಳಿಗಳ ಮುಂದೆ ಬಂದವು. ಮಂಡಳಿಯವರು ಮೊದಲು ಕೇಳುತ್ತಿದ್ದುದು ಪಹಣಿ. ಸಾಗುವಳಿ ಮಾಡುವವರ ಕಾಲಂನಲ್ಲಿ ತನ್ನ ಹೆಸರಿದ್ದ ಗೇಣಿದಾರ ಎದೆಯುಬ್ಬಿಸಿ ನಿಂತ. ತಲೆಮಾರಿನಿಂದ ಉತ್ತರೂ ಬಾಯಿಮಾತಿನ ಗೇಣಿಯಾದ್ದರಿಂದ ಹೆಸರು ಬರೆಯಿಸದೇ ಇದ್ದವನು ಅಕ್ಕಪಕ್ಕದ ಹೊಲದವರ ಸಾಕ್ಷಿ ಹುಡುಕುತ್ತ ಅಲೆದ. ಜಮೀನುದಾರನ ಮಾತಿಗೆ ಕಟ್ಟುಬಿದ್ದು ಆ ಕಾಲಂನಲ್ಲಿ 'ಸ್ವಂತ' ಎಂದು ಬರೆದ ಒಂದು ಪೆನ್ನಿನ ಗೀಟು ಒಂದು ಸಂಸಾರದ ಅನ್ನವನ್ನು ಕಸಿಯಬಹುದಾಗಿತ್ತು. ಪಹಣಿ ಬರೆಯುವುದು ಬರಿಯ ಗುಮಾಸ್ತೆಯ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ಆದರೂ ಆ ಪೆನ್ನು ಇದ್ದದ್ದು ಒಬ್ಬನೇ ವ್ಯಕ್ತಿಯ ಕೈಯಲ್ಲಿ. ರಾಜ್ಯದಲ್ಲಿ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರು. ಒಬ್ಬೊಬ್ಬರ ಸುಪರ್ದಿಗೆ ಮೂರು ನಾಲ್ಕು ಹಳ್ಳಿಗಳು. ದಾಖಲೆ ಪುಸ್ತಕಗಳು ಅವರ ಬಳಿಯೇ ಇರುತ್ತಿದ್ದುದರಿಂದ, ರೈತ ತನ್ನದೇ ಜಮೀನಿನ ಬಗ್ಗೆ ಏನು ಬರೆದಿದೆ ಎಂದು ನೋಡಬೇಕಾದರೂ ಅವರನ್ನು ಹುಡುಕಬೇಕಾಗಿತ್ತು. ಇವತ್ತು ಹೋಬಳಿಗೆ ಹೋಗಿದ್ದಾರೆ, ನಾಳೆ ತಾಲ್ಲೂಕಿನಲ್ಲಿ ಸಭೆ, ನಾಡಿದ್ದು ಜಾತ್ರೆ. ಬಿತ್ತನೆ ಹೊತ್ತಿನಲ್ಲಿ ಸಾಲ ಬೇಕಾದವನಿಗೆ ಕಾಯುವ ವ್ಯವಧಾನವಿಲ್ಲ. ಕೈ ಬೆಚ್ಚಗೆ ಮಾಡಿದರೆ ಕೆಲಸ ಬೇಗ. ಖಾತೆ ಬದಲಾವಣೆಯಂತೂ ಇನ್ನೂ ಕಷ್ಟ. ಕ್ರಯವಾದ ಮೇಲೆ ನೋಟಿಸು ಹೊರಡಿಸಿ, 30 ದಿನ ಕಾದು, ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡಬೇಕು ಎಂಬುದು ನಿಯಮ. ನೋಟಿಸು ಹೊರಟಿತೇ, ಯಾರಿಗೆ ತಲುಪಿತು ಎಂಬುದಕ್ಕೆ ಎಷ್ಟೋ ಕಡೆ ದಾಖಲೆಯೇ ಇರುತ್ತಿರಲಿಲ್ಲ. ಸರ್ಕಾರಿ ಜಮೀನು ಸದ್ದಿಲ್ಲದೆ ಬಲಾಢ್ಯರ ಹೆಸರಿಗೆ ಏರಿದ ಉದಾಹರಣೆಗಳೂ ಉಂಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಂದಾಯ ಇಲಾಖೆಗೆಂದೇ ಹುಟ್ಟಿದಂತಿತ್ತು. ಎಲ್ಲ ಲೆಕ್ಕಿಗರೂ ಹಾಗಿದ್ದರೆಂದಲ್ಲ. ಮಳೆ ಬಿಸಿಲೆನ್ನದೆ ಹೊಲ ಸುತ್ತಿ ಪ್ರಾಮಾಣಿಕವಾಗಿ ಬರೆದವರು ಇದ್ದರು. ವ್ಯವಸ್ಥೆ ಮಾತ್ರ ಒಬ್ಬ ಮನುಷ್ಯನ ಒಳ್ಳೆಯತನವನ್ನು ನಂಬಿ ನಿಂತಿತ್ತು.

ಕಂಪ್ಯೂಟರ್ ಬಂದದ್ದು ಈ ಹಂತದಲ್ಲಿ. ಮೊದಲ ಪ್ರಯತ್ನ 1991ರಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ, ಪ್ರಾಯೋಗಿಕವಾಗಿ. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಫಲ ಮಾತ್ರ ಸಿಗಲಿಲ್ಲ. ಕಾರಣ ಸರಳ. ಕಂಪ್ಯೂಟರ್ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಖಾತೆ ಬದಲಾಗುತ್ತಿದ್ದುದು ತಾಲ್ಲೂಕಿನಲ್ಲಿ. ಇಲ್ಲಿ ಒಂದು ವರ್ಷ ಕೂತು ಟೈಪು ಮಾಡುವಷ್ಟರಲ್ಲಿ ಅಲ್ಲಿ ಸಾವಿರಾರು ಹೆಸರುಗಳು ಬದಲಾಗಿರುತ್ತಿದ್ದವು. ಅವನ್ನು ಯಂತ್ರಕ್ಕೆ ಸೇರಿಸುವ ಏರ್ಪಾಡೇ ಇರಲಿಲ್ಲ. ಇತ್ತ ಲೆಕ್ಕಿಗರ ಕೈಬರಹದ ಪಹಣಿಗೆ ಇದ್ದ ಮಾನ್ಯತೆ ಹಾಗೆಯೇ ಇತ್ತು. ಎರಡು ದಾಖಲೆಗಳಿದ್ದರೆ ಜನ ಹಳೆಯದನ್ನೇ ನಂಬುತ್ತಾರೆ, ಅದನ್ನು ಕೊಡುವವನ ಬಳಿಯೇ ಹೋಗುತ್ತಾರೆ.

ಇದರಿಂದ ಪಾಠ ಕಲಿತದ್ದೇ 'ಭೂಮಿ'ಯ ಹೆಚ್ಚುಗಾರಿಕೆ. ಕಂದಾಯ ಇಲಾಖೆಯಲ್ಲಿ ಇದನ್ನು ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ರೂಪಿಸಿದ್ದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ. ಎಸ್.ಎಂ. ಕೃಷ್ಣ ಅವರ ಸರ್ಕಾರದ ಬೆಂಬಲವಿತ್ತು. ಯಂತ್ರವನ್ನು ತಾಲ್ಲೂಕು ಕಚೇರಿಗೇ ಒಯ್ದರು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಕನ್ನಡದಲ್ಲೇ ಟೈಪು ಮಾಡಿಸಿ, ಮುದ್ರಿಸಿದ ಪ್ರತಿಯನ್ನು ಗ್ರಾಮ ಲೆಕ್ಕಿಗರಿಂದಲೇ ತಾಳೆ ನೋಡಿಸಿ ಸಹಿ ಪಡೆದರು. 2002ರ ವೇಳೆಗೆ ಆಗಿದ್ದ 177 ತಾಲ್ಲೂಕುಗಳಲ್ಲೂ ಕೇಂದ್ರಗಳು ತೆರೆದವು. 15 ರೂಪಾಯಿ ಕೊಟ್ಟು ಸರ್ವೆ ನಂಬರು ಹೇಳಿದರೆ ಪಹಣಿ ಕೈಗೆ. ಎರಡನೆಯ ಪರದೆಯೊಂದನ್ನು ಜನರ ಕಡೆಗೆ ತಿರುಗಿಸಿಟ್ಟು, ಒಳಗೆ ಏನು ನಡೆಯುತ್ತಿದೆ ಎಂದು ರೈತನೇ ನೋಡುವಂತೆ ಮಾಡಿದರು. ತಿದ್ದುವ ಅಧಿಕಾರವಿದ್ದ ನೌಕರ ಬೆರಳಚ್ಚು ಒತ್ತಿಯೇ ಯಂತ್ರದೊಳಗೆ ಹೋಗಬೇಕು. ಯಾರು ಯಾವಾಗ ಏನು ಬದಲಿಸಿದರು ಎಂಬುದು ಅಲ್ಲೇ ದಾಖಲಾಗುತ್ತದೆ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ಪರಿಚಯಸ್ಥರ ಅರ್ಜಿಯನ್ನು ಮೇಲೆ ತರಲು ಯಂತ್ರ ಬಿಡದು.

ಇಷ್ಟೆಲ್ಲಕ್ಕಿಂತ ನಿರ್ಣಾಯಕವಾದ ಹೆಜ್ಜೆ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಒಂದೊಂದು ತಾಲ್ಲೂಕಿನಲ್ಲಿ ಕೇಂದ್ರ ತೆರೆದ ಕೂಡಲೇ ಅಲ್ಲಿ ಕೈಬರಹದ ಪಹಣಿ ಅಸಿಂಧು ಎಂದು ಅಧಿಸೂಚನೆ ಹೊರಡಿಸಲಾಯಿತು. ಹಿಂದಿನ ಯೋಜನೆ ಮುಗ್ಗರಿಸಿದ್ದ ಜಾಗ ಅದೇ. ಹಳೆಯ ಬಾಗಿಲು ಮುಚ್ಚಿದ ಮೇಲೆ ಜನ ಹೊಸ ಬಾಗಿಲಿಗೆ ಬರಲೇಬೇಕಾಯಿತು. ಕಂಪ್ಯೂಟರೀಕರಣ ಎಂದಾಗ ಯಂತ್ರದ ವೇಗವನ್ನು ಹೊಗಳುವವರು ಈ ಒಂದು ಹಾಳೆಯ ಆದೇಶವನ್ನು ಮರೆಯುವುದುಂಟು.

ಪಹಣಿ ಪಡೆಯಲು ಲಂಚ ಕೊಡುವ ಅಗತ್ಯ ಬಹುಮಟ್ಟಿಗೆ ತಪ್ಪಿತು ಎಂಬುದರಲ್ಲಿ ಸಂಶಯವಿಲ್ಲ. ಆರಂಭದ ವರ್ಷಗಳಲ್ಲೇ ನಡೆದ ಬಳಕೆದಾರರ ಸಮೀಕ್ಷೆ ಇದನ್ನು ಎತ್ತಿ ತೋರಿಸಿತು. ಬೇರೆ ರಾಜ್ಯಗಳವರು ಬಂದು ನೋಡಿಹೋದರು. ವಿಶ್ವ ಬ್ಯಾಂಕಿನ ವರದಿಗಳಲ್ಲಿ 'ಭೂಮಿ' ಮಾದರಿ ಯೋಜನೆಯಾಯಿತು.

ಆದರೆ ಹೊಗಳಿಕೆಯ ನಡುವೆ ಒಂದು ಪ್ರಶ್ನೆ ಹಿಂದೆ ಸರಿಯಿತು. ಯಂತ್ರಕ್ಕೆ ತುಂಬಿದ್ದು ಯಾವುದನ್ನು? ಹಳೆಯ ಪುಸ್ತಕದಲ್ಲಿ ಇದ್ದದ್ದನ್ನು. ಹೊಲಕ್ಕೆ ಹೋಗಿ ಯಾರೂ ಮತ್ತೆ ನೋಡಲಿಲ್ಲ; ಅಷ್ಟು ಕಾಲವೂ ಹಣವೂ ಇರಲಿಲ್ಲ. ಪಹಣಿ ಎಂಬ ಮಾತಿನ ಅರ್ಥವೇ ನೋಡುವುದು ಎಂಬುದು ಇಲ್ಲಿ ನೆನಪಾಗಬೇಕು. ಸತ್ತು ಇಪ್ಪತ್ತು ವರ್ಷವಾದ ಅಜ್ಜನ ಹೆಸರು ಅಚ್ಚುಕಟ್ಟಾಗಿ ಮುದ್ರಣಗೊಂಡು ಹೊರಬಂತು. ಆಕಾರಬಂದಿನಲ್ಲಿ ನಾಲ್ಕು ಎಕರೆಯಿದ್ದ ನಂಬರು ಪಹಣಿಯ ಪಾಲುದಾರರ ಲೆಕ್ಕ ಕೂಡಿಸಿದಾಗ ನಾಲ್ಕು ಎಕರೆ ಆರು ಗುಂಟೆ ಆಗುವಂಥ ಗೊಂದಲಗಳು ಹಾಗೆಯೇ ಉಳಿದವು. ಬರೆಯುವವನ ಕೈಯಲ್ಲಿ 'ಸಿದ್ದಮ್ಮ' ಆಗಿದ್ದವಳು ಟೈಪು ಮಾಡುವವನ ಕೈಯಲ್ಲಿ 'ಸಿದ್ದಪ್ಪ' ಆದರೆ, ತಾನು ಹೆಂಗಸೆಂದು ರುಜುವಾತು ಮಾಡುವ ಹೊಣೆ ಸಿದ್ದಮ್ಮನದೇ. ಹಿಂದೆ ಚಾವಡಿಯಲ್ಲಿ ಕೂತ ಲೆಕ್ಕಿಗರು ಗೀಟು ಹಾಕಿ ತಿದ್ದಬಹುದಾಗಿದ್ದ ತಪ್ಪಿಗೆ ಈಗ ತಾಲ್ಲೂಕಿಗೆ ಅರ್ಜಿ, ಹಳೆಯ ಕೈಬರಹದ ಪ್ರತಿ, ತಹಸೀಲ್ದಾರರ ಆದೇಶ. ವಿಷಯ ಜಟಿಲವಾದರೆ ಉಪವಿಭಾಗಾಧಿಕಾರಿಗಳ ನ್ಯಾಯಾಲಯ. ಸುಲಭವಾಗಿ ಅಳಿಸಲಾಗದಂತೆ ಮಾಡಿದ್ದು ಮೋಸಗಾರನನ್ನು ತಡೆಯಲು. ಸಿದ್ದಮ್ಮನನ್ನೂ ಅದು ತಡೆಯಿತು.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಮಗಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು. 2005ರಲ್ಲಿ ಕೇಂದ್ರವೂ ಆ ದಾರಿ ಹಿಡಿಯಿತು. ಆದರೆ ಮಗಳ ಹೆಸರನ್ನು ಪಹಣಿಗೆ ಯಾರೂ ತಾವಾಗಿ ಸೇರಿಸುವುದಿಲ್ಲ. ಅರ್ಜಿ ಕೊಡಬೇಕು, ಕೊಟ್ಟರೆ ಅಣ್ಣತಮ್ಮಂದಿರ ಮುನಿಸು, ತವರಿನ ಬಾಗಿಲು ಮುಚ್ಚುವ ಭಯ. ಇನ್ನೊಬ್ಬರ ಜಮೀನನ್ನು ಗುತ್ತಿಗೆಗೋ ಪಾಲಿಗೋ ಮಾಡುವವನ ಪಾಡೂ ಇದೇ. 1974ರ ನಂತರ ಗೇಣಿಗೆ ಬಹುಪಾಲು ನಿಷೇಧವಿರುವುದರಿಂದ ಅಂಥವನನ್ನು ದಾಖಲೆ ಕಾಣದು. ಬೆವರು ಸುರಿಸಿ ಬೆಳೆ ಕಳೆದುಕೊಳ್ಳುವವನು ಒಬ್ಬ; ಪರಿಹಾರದ ಹಣ ಜಮೆಯಾಗುವ ಖಾತೆ ಇನ್ನೊಬ್ಬನದು.

2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೂ ಕಟುವಾದ ಆಕ್ಷೇಪ ಎತ್ತಿತು. ಬೆಂಗಳೂರಿನ ಸುತ್ತಮುತ್ತ, ಹಳ್ಳಿಯ ಮಟ್ಟದಲ್ಲಿ ಹರಡಿಕೊಂಡಿದ್ದ ಅಧಿಕಾರ ಮೇಲಕ್ಕೆ ಸರಿದು, ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ ಅನುಕೂಲವಾಯಿತೆಂಬುದು ಅದರ ವಾದ. ಯೋಜನೆಯ ಬೆಂಬಲಿಗರು ಇದನ್ನು ಒಪ್ಪುವುದಿಲ್ಲ. ರಾಜ್ಯದ ಎಲ್ಲೆಡೆಗೂ ಈ ಮಾತು ಅನ್ವಯಿಸದಿರಬಹುದು. ಬೀದರಿನ ಮೂಲೆಯ ಹಳ್ಳಿಗೂ ಆನೇಕಲ್ಲಿಗೂ ಜಮೀನಿನ ಬೆಲೆಯಲ್ಲಿ ಅಜಗಜಾಂತರ. ಆದರೆ ಊರಿನಲ್ಲೇ ಸಿಗುತ್ತಿದ್ದ ಕಾಗದಕ್ಕೆ ರೈತ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು ತಾಲ್ಲೂಕಿಗೆ ಹೋಗಬೇಕಾಯಿತು ಎಂಬುದು ಅಲ್ಲಗಳೆಯಲಾಗದ ಸಂಗತಿ. ಅರ್ಜಿ ಬರೆದುಕೊಡುವ, 'ಒಳಗೆ ಹೇಳಿಸುವ' ಮಧ್ಯವರ್ತಿ ಹಳ್ಳಿಯ ಕಟ್ಟೆಯಿಂದ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಗೆ ಸ್ಥಳಾಂತರಗೊಂಡ.

ದೂರದ ಸಮಸ್ಯೆಯನ್ನು ಸರ್ಕಾರ ಗಮನಿಸದೆ ಇರಲಿಲ್ಲ. 2006ರಲ್ಲಿ ಖಾಸಗಿ ಸಹಭಾಗಿತ್ವದ ನೆಮ್ಮದಿ ಕೇಂದ್ರಗಳು ಹೋಬಳಿಗೆ ಬಂದವು. 2012ರಿಂದ ಅವುಗಳ ಜಾಗದಲ್ಲಿ ಸರ್ಕಾರವೇ ನಡೆಸುವ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು. ಅದೇ ವರ್ಷದ ಏಪ್ರಿಲ್‌ನಲ್ಲಿ ಜಾರಿಗೆ ಬಂದ 'ಸಕಾಲ' ಕಾಯ್ದೆ, ಗೊತ್ತುಪಡಿಸಿದ ಅವಧಿಯಲ್ಲಿ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಎಂದಿತು. ಈಗ ಪಹಣಿಯನ್ನು ಅಂತರ್ಜಾಲದಲ್ಲೇ ಪಡೆಯಬಹುದು. ಉಪನೋಂದಣಿ ಕಚೇರಿಯ 'ಕಾವೇರಿ' ತಂತ್ರಾಂಶದಿಂದ ಕ್ರಯದ ವಿವರ ನೇರವಾಗಿ 'ಭೂಮಿ'ಗೆ ಹರಿಯುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಮೊದಲೇ ಅಳತೆ ಮಾಡಿಸಿ 11ಇ ನಕ್ಷೆ ಪಡೆಯಬೇಕೆಂಬ ನಿಯಮ ಬಂದು, ಕಾಗದಕ್ಕೂ ನೆಲಕ್ಕೂ ಕಡಿದುಹೋಗಿದ್ದ ಸಂಬಂಧವನ್ನು ಸ್ವಲ್ಪ ಮಟ್ಟಿಗೆ ಮತ್ತೆ ಕಟ್ಟಿತು. ಅಳೆಯುವ ಭೂಮಾಪಕರ ಕೊರತೆ ಅದಕ್ಕೆ ಆಗಾಗ ಅಡ್ಡ ಬಂದದ್ದು ಬೇರೆ ಮಾತು.

2018ರ ಸಾಲ ಮನ್ನಾ, ಬರ ಪರಿಹಾರ, ಪಿಎಂ ಕಿಸಾನ್ ಹಣ, ಹೀಗೆ ಒಂದೊಂದೇ ಯೋಜನೆ ಜಮೀನಿನ ದಾಖಲೆ, ಆಧಾರ್ ಮತ್ತು ಬ್ಯಾಂಕ್ ಖಾತೆಗಳನ್ನು ಒಂದಕ್ಕೊಂದು ಹೆಣೆಯುತ್ತ ಹೋಯಿತು. ಹೆಣೆದಷ್ಟೂ ಹಳೆಯ ತಪ್ಪುಗಳು ಮೇಲೆ ಬಂದವು. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಹಣ ನಿಂತಿತು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಆಂದೋಲನ ನಡೆದಾಗ ಸರ್ಕಾರಕ್ಕೇ ಸ್ಪಷ್ಟವಾದ ಸಂಗತಿಯೆಂದರೆ, ಲಕ್ಷಗಟ್ಟಲೆ ಪಹಣಿಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇವೆ ಎಂಬುದು. ಅಜ್ಜನ ಹೆಸರಿನ ಜಮೀನಿನಲ್ಲಿ ಉಳುವ ಮೊಮ್ಮಗನಿಗೆ ಬ್ಯಾಂಕು ಸಾಲ ಕೊಡದು. ಪರಿಹಾರದ ಪಟ್ಟಿಯಲ್ಲಿ ಅವನ ಹೆಸರಿರದು. ಅದೇ ವರ್ಷ ತಾಲ್ಲೂಕು ಅಭಿಲೇಖಾಲಯಗಳ ಹಳೆಯ ಕಟ್ಟುಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕಾರ್ಯವೂ ಆರಂಭವಾಯಿತು. ಯಾವ ಕೈಬರಹದ ಪುಸ್ತಕಗಳನ್ನು ಎರಡು ದಶಕಗಳ ಹಿಂದೆ ಬದಿಗಿಡಲಾಗಿತ್ತೋ, ಗೆದ್ದಲು ಹಿಡಿಯುವ ಮುನ್ನ ಅವನ್ನು ಉಳಿಸಿಕೊಳ್ಳುವ ಪ್ರಯತ್ನ ಅದು. ಯಂತ್ರದ ದಾಖಲೆಗೆ ತಕರಾರು ಬಂದಾಗ ನ್ಯಾಯಾಲಯ ಕೇಳುವುದು ಆ ಪುಸ್ತಕಗಳನ್ನೇ.

2025ರಲ್ಲಿ 'ಇ-ಪೌತಿ' ಎಂಬ ಆಂದೋಲನ ಶುರುವಾಯಿತು. ಪೌತಿ ಖಾತೆ ಎಂದರೆ ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆಗುವ ಖಾತೆ. ರೈತ ಅರ್ಜಿ ಹಿಡಿದು ಬರಲಿ ಎಂದು ಕಾಯದೆ, ಗ್ರಾಮ ಲೆಕ್ಕಿಗರೇ (ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ) ಊರಿಗೆ ಹೋಗಿ, ಮನೆಯವರನ್ನು ಕೂರಿಸಿಕೊಂಡು, ವಂಶವೃಕ್ಷ ಕೇಳಿ, ವಿವರಗಳನ್ನು ಯಂತ್ರಕ್ಕೆ ಸೇರಿಸುವುದು ಅದರ ಕ್ರಮ. ಮರಣ ಪ್ರಮಾಣಪತ್ರ ಇಲ್ಲದ ಸಾವುಗಳಿವೆ, ಊರು ಬಿಟ್ಟು ಹೋದ ತಮ್ಮಂದಿರಿದ್ದಾರೆ, ಪಾಲು ಕೇಳದ ಅಕ್ಕತಂಗಿಯರಿದ್ದಾರೆ. ಎಲ್ಲರೂ ಒಪ್ಪಿದ ಮನೆಯಲ್ಲಿ ಒಂಬತ್ತನೇ ಕಾಲಂನ ಹೆಸರು ಬದಲಾಗುತ್ತದೆ. ಒಪ್ಪದ ಮನೆಯಲ್ಲಿ ಅಜ್ಜನ ಹೆಸರೇ ಮುಂದುವರಿಯುತ್ತದೆ.